ಬಸ್ರಾ ಎಂದು ಬರೆದುಕೊಡಿ

ಬ್ರಹ್ಮಾವರ
18-11-1945

ಪಂಕಜಾಕ್ಷಿಗೆ,

ಆಶೀರ್ವಾದ. ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು ಎಂದು ಆರಂಭಿಸುವುದು ವಾಡಿಕೆ. ಆರು ವರ್ಷ ಒಂದು ಕಾರ್ಡೂ ಹಾಕದವಳು ಹಾಗೆ ಬರೆದರೆ ನಿನಗೆ ನಗು ಬಂದೀತು. ಕೆಲಸದ ಮಾತಿಗೇ ಬರುತ್ತೇನೆ.

ನಿನ್ನ ತಂಗಿ ವನಜಳಿಗೆ ಮದುವೆ ನಿಶ್ಚಯವಾಗಿದೆ. ಹುಡುಗ ಉಪ್ಪುಂದದವನು, ಬೈಂದೂರಿನ ಶಾಲೆಯಲ್ಲಿ ಮಾಸ್ತರ. ಸಾಧು. ಅವನ ತಾಯಿ ಜಲಜಮ್ಮ ಮಾತ್ರ ಎಲ್ಲವನ್ನೂ ಚೀಟಿಯಲ್ಲಿ ಬರೆದು ಕಳಿಸುವವರು. ಆ ಚೀಟಿಯಲ್ಲಿ ‘ಬರ್ಮಾ ಕೆಂಪಿನ ಬೆಂಡೋಲೆ ಒಂದು ಜೊತೆ, ಬಸ್ರಾ ಮುತ್ತಿನ ಸರ ಒಂದು’ ಎಂದಿದೆ. ನಿನ್ನ ಅಪ್ಪಯ್ಯ ಕುಂದಾಪುರದ ಲೀಲಾಧರನ ಅಂಗಡಿಗೆ ಹೋಗಿ ಎರಡನ್ನೂ ನೋಡಿ, ಮಾತು ಕೊಟ್ಟು ಬಂದರು. ಬದಲಿಗೆ ನನ್ನ ಚಿನ್ನದ ಅವಲಕ್ಕಿ ಸರವನ್ನೂ ನಾಲ್ಕು ಬಳೆಗಳನ್ನೂ ಕೊಡುವುದು ಎಂದು ತೀರ್ಮಾನವಾಗಿದೆ. ತೀರ್ಮಾನ ಆದ ಮೇಲೆ ನನಗೆ ತಿಳಿಸಿದರು.

ಕೊಡುವುದಕ್ಕೆ ನನಗೆ ಸಂಕಟವಿಲ್ಲ. ಆದರೆ ಯಾವುದಕ್ಕೆ ಕೊಡುತ್ತಿದ್ದೇನೆ ಎಂದು ತಿಳಿಯದೆ ಕೊಡಲಾರೆ. ಬರ್ಮಾ ಎಂದರೆ ಏನು, ಬಸ್ರಾ ಎಂದರೆ ಏನು ಎಂದು ಅವರನ್ನು ಕೇಳಿದೆ. "ದೊಡ್ಡ್ ಮಾಲ್ ಅಂತ್ಹೇಳಿ ಅರ್ಥ" ಎಂದರು. ನಮ್ಮ ಅಕ್ಕಸಾಲಿ ಮಹಾಲಿಂಗಾಚಾರಿಯನ್ನು ಕೇಳಿದೆ. ಅವನು, "ಅಮ್ಮಾ, ಚಿನ್ನ ಆರೆ ಒರಿಗ್ ತಿಕ್ಕಿ ಹೇಳ್ತೆ. ಕಲ್ಲ್, ಮುತ್ತ್ ನಂಗ್ ಗೊತ್ತಿಲ್ಲೆ" ಎಂದ. ಗೊತ್ತಿಲ್ಲ ಎಂದು ಒಪ್ಪಿಕೊಂಡವನು ಈ ಊರಿನಲ್ಲಿ ಅವನೊಬ್ಬನೇ.

ನೀನು ಬೊಂಬಾಯಿಯಲ್ಲಿ ಮುತ್ತು ಪೋಣಿಸುವ ಕೆಲಸ ಮಾಡುತ್ತೀ ಎಂದು ಅಲ್ಲೇ ಕೆಲಸದಲ್ಲಿರುವ ನನ್ನ ತಮ್ಮ ಬಾಲಚಂದ್ರ ರಜೆಗೆ ಬಂದಾಗ ಹೇಳಿದ್ದ. ವಿಳಾಸ ಅವನಿಂದ ಪಡೆದೆ. ಈ ಎರಡು ಮಾತುಗಳ ಅರ್ಥ ತಿಳಿದರೆ ಬರೆ. ಉತ್ತರವನ್ನು ಮಹಾಲಿಂಗಾಚಾರಿಯ ಹೆಸರಿಗೆ ಹಾಕು. ಮನೆಯ ವಿಳಾಸಕ್ಕೆ ಬೇಡ.

ಇತಿ,
ಗೋಮತಿ

*

ಬೊಂಬಾಯಿ
2-12-1945

ಅಮ್ಮನಿಗೆ ನಮಸ್ಕಾರ.

ಪತ್ರ ತಲುಪಿತು. ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಮೊದಲು ಮುತ್ತು. ಅಂಗಡಿಯಲ್ಲಿ ಮುತ್ತು ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ವಸ್ತು ಮಾರುತ್ತಾರೆ. ಚಿಪ್ಪಿನೊಳಗೆ ತಾನಾಗಿ ಬೆಳೆದು, ಪರ್ಶಿಯಾ ಕಡೆಯ ಸಮುದ್ರದಿಂದ ಬಂದದ್ದು ಬಸ್ರಾ. ಚಿಪ್ಪಿನೊಳಗೆ ಮನುಷ್ಯನೇ ಒಂದು ಮಣಿ ಇಟ್ಟು ಬೆಳೆಸಿದ್ದು ಜಪಾನಿನದು. ಅದನ್ನು ಇಲ್ಲಿ ಕಲ್ಚರ್ ಎನ್ನುತ್ತಾರೆ. ಮೂರನೆಯದು ಗಾಜಿನ ಬುರುಡೆಗೆ ಮೇಣ ತುಂಬಿದ್ದು. ಅದು ಮುತ್ತೇ ಅಲ್ಲ.

ಹಲ್ಲಿಗೆ ಮೆಲ್ಲಗೆ ಉಜ್ಜಿ ನೋಡಿ. ಮೇಣದ್ದು ಜಾರುತ್ತದೆ. ಉಳಿದೆರಡೂ ಸಣ್ಣ ಮರಳಿನಂತೆ ಗರಗರ ಎನ್ನುತ್ತವೆ. ಅಂಗಡಿಯವರು ಈ ಪರೀಕ್ಷೆಯನ್ನು ತಾವೇ ಮಾಡಿ ತೋರಿಸಿ ‘ಕಂಡಿರಾ, ಅಸಲು’ ಎಂದುಬಿಡುತ್ತಾರೆ. ಅಲ್ಲಿಗೆ ನಿಲ್ಲಬೇಡಿ. ದಾರ ಸರಿಸಿ ತೂತಿನೊಳಗೆ ಬೆಳಕು ಬೀಳುವಂತೆ ನೋಡಿ. ಬಾಯಿಯ ಹತ್ತಿರ ಒಂದು ಕಪ್ಪು ಗೆರೆ, ಒಳಗಿನ ಮಣಿಗೂ ಹೊರಗಿನ ಸಿಪ್ಪೆಗೂ ನಡುವೆ ಬೇಲಿ ಹಾಕಿದ ಹಾಗೆ ಕಂಡರೆ ಅದು ಕಲ್ಚರ್. ಇನ್ನೊಂದು ಮಾತು. ಬಸ್ರಾ ಮುತ್ತುಗಳು ಸಾಮಾನ್ಯವಾಗಿ ಸಣ್ಣವು, ಒಂದರಂತೆ ಒಂದಿರುವುದಿಲ್ಲ, ಬಣ್ಣ ಕೆನೆಯದು. ಗುಂಡಗೆ, ದಪ್ಪಗೆ, ಹಾಲಿನಂತೆ ಬೆಳ್ಳಗೆ ಇರುವ ಇಡೀ ಸರವನ್ನು ಬಸ್ರಾ ಎಂದರೆ ನಂಬಬೇಡಿ. ಅಂಥದ್ದು ನಾನು ಈ ಆರು ವರ್ಷದಲ್ಲಿ ಒಮ್ಮೆ ಪೋಣಿಸಿದ್ದೇನೆ, ಒಬ್ಬ ರಾಣಿಗೆ.

ಕೆಂಪು ಕಲ್ಲು ನನ್ನ ಕೆಲಸವಲ್ಲ. ನಮ್ಮಲ್ಲಿ ಕಲ್ಲು ಆರಿಸುವ ಮುದುಕರನ್ನು ಕೇಳಿ ಬರೆಯುತ್ತಿದ್ದೇನೆ. ಬರ್ಮಾ ಎಂಬ ಮಾತಿಗೆ ಮೂರು ಅರ್ಥವಂತೆ. ಬರ್ಮಾದ ಗಣಿಯದ್ದು ಎಂದು ಒಂದು. ಪಾರಿವಾಳದ ರಕ್ತದ ಬಣ್ಣದ್ದು, ಎಲ್ಲಿಯದಾದರೂ ಆಗಬಹುದು ಎಂದು ಇನ್ನೊಂದು. ಪರದೇಶದ ಕುಲುಮೆಯಲ್ಲಿ ಪುಡಿ ಕರಗಿಸಿ ಮಾಡಿದ್ದಕ್ಕೂ ಅದೇ ಹೆಸರು ಹಚ್ಚಿ ಮಾರುತ್ತಾರೆ. ಈ ಕುಲುಮೆಯ ಕೆಂಪು ಗಾಜಲ್ಲ, ಗಣಿಯದ್ದರಷ್ಟೇ ಗಟ್ಟಿ. ಅರದಿಂದ ಗೀರಿದರೆ ಗೊತ್ತಾಗುವುದಿಲ್ಲ. ಭೂತಕನ್ನಡಿಯಲ್ಲಿ ನೋಡಬೇಕು. ಒಳಗೆ ದುಂಡು ಗುಳ್ಳೆ, ಗ್ರಾಮಫೋನ್ ತಟ್ಟೆಯ ಹಾಗೆ ಬಾಗಿದ ಗೆರೆ ಇದ್ದರೆ ಕುಲುಮೆಯದ್ದು. ಗಣಿಯದ್ದರಲ್ಲಿ ರೇಷ್ಮೆಯ ಎಳೆಯಂಥ ನೂಲು, ನೇರ ಗೆರೆ, ಬಿರುಕು, ಏನಾದರೊಂದು ಕುಂದು ಇದ್ದೇ ಇರುತ್ತದೆ. ದೊಡ್ಡದಾಗಿಯೂ ನಿಷ್ಕಳಂಕವಾಗಿಯೂ ಇರುವ ಕೆಂಪನ್ನು ಕಂಡರೆ ಹೆದರಬೇಕು ಎಂದು ಮುದುಕರು ಹೇಳಿದರು. ಹಿಂಬದಿ ಮುಚ್ಚಿ ಕಟ್ಟಿದ್ದರೆ ಒಳಗೆ ಬಣ್ಣದ ತಗಡಿಟ್ಟಿರಬಹುದು. ಬಿಚ್ಚಿಸಿ ನೋಡಿ.

ಎಲ್ಲಕ್ಕಿಂತ ಮುಖ್ಯ: ಅಂಗಡಿಯವನು ಬಾಯಲ್ಲಿ ಹೇಳಿದ ಹೆಸರನ್ನು ರಶೀದಿಯಲ್ಲಿ ಬರೆದುಕೊಡು ಎನ್ನಿ. ಬರೆಯುತ್ತಾನೋ ಇಲ್ಲವೋ ನೋಡಿ. ಅದಕ್ಕೆ ಭೂತಕನ್ನಡಿ ಬೇಕಾಗಿಲ್ಲ.

ಒಂದು ಭೂತಕನ್ನಡಿ ಬಾಲಚಂದ್ರ ಮಾವನ ಗೆಳೆಯನ ಕೈಯಲ್ಲಿ ಕಳಿಸಿದ್ದೇನೆ. ವನಜಳ ಜಡೆ ಈಗ ಎಷ್ಟು ಉದ್ದ?

ಪಂಕಜಾಕ್ಷಿ

*

ಬ್ರಹ್ಮಾವರ
27-12-1945

ಪಂಕಜಾಕ್ಷಿಗೆ ಆಶೀರ್ವಾದ.

ಪತ್ರವನ್ನು ಆಚಾರಿಯ ಜಗಲಿಯಲ್ಲಿ ಕೂತು ಮೂರು ಬಾರಿ ಓದಿದೆ. ಭೂತಕನ್ನಡಿಯೂ ಬಂತು. ಅಂದಿನಿಂದ ಮನೆಯಲ್ಲಿ ನಾನು ನೋಡದೆ ಬಿಟ್ಟ ವಸ್ತುವಿಲ್ಲ. ನನ್ನ ಮೂಗುಬೊಟ್ಟಿನ ಕಲ್ಲು ಗಾಜು. ನನ್ನ ತಾಯಿ ಕೊಟ್ಟದ್ದು, ಅವಳಿಗೂ ಗೊತ್ತಿರಲಿಲ್ಲ. ಬಿಸಾಡಲಿಲ್ಲ. ಗಾಜೆಂದು ತಿಳಿದೇ ಹಾಕಿಕೊಂಡಿದ್ದೇನೆ.

ಒಂದು ಸಂಶಯ. ಅಂಗಡಿಯವನು ಚಿನ್ನ ಇಪ್ಪತ್ತೆರಡು ಕ್ಯಾರೆಟ್ ಎಂದನಂತೆ, ಕೆಂಪು ಮೂರು ಕ್ಯಾರೆಟ್ ಎಂದನಂತೆ. ಹಾಗಾದರೆ ಚಿನ್ನ ಒಳ್ಳೆಯದು, ಕೆಂಪು ಕೀಳು ಎಂದು ಅರ್ಥವೇ? ಆಚಾರಿಯೂ ತಲೆ ಕೆರೆದುಕೊಂಡ.

ನಾನೇ ಕುಂದಾಪುರಕ್ಕೆ ಹೋಗಿ ನೋಡುತ್ತೇನೆ ಎಂದು ನಿನ್ನ ಅಪ್ಪಯ್ಯನಿಗೆ ಹೇಳಿದೆ. ಊಟದ ಎಲೆಯ ಮುಂದೆ ಕೂತಿದ್ದವರು ಕೈ ತಡೆದರು. "ಹೆಂಗ್ಸ್ರ್ ಅಂಗ್ಡಿ ಮೆಟ್ಲ್ ಹತ್ತುದಾ? ನನ್ ಮಾತಿಗ್ ಎಂತ ಬೆಲಿ ಉಳೂದ್?" ಎಂದರು.

"ನಿಮ್ ಮಾತ್ ಕೊಟ್ಟದ್ ನೀವ್. ಸರ ಕೊಡೂದ್ ನಾನ್. ಕಾಣ್ದೆ ಕೊಡೂದಿಲ್ಲೆ" ಎಂದೆ.

ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು. ಮೂರು ದಿನ ಮಾತಿಲ್ಲ. ನಾನೂ ಆಡಿಸಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲು ಮಾತಾಡುವವಳು ಯಾವಾಗಲೂ ನಾನೇ ಆಗಿದ್ದೆ. ನಾಲ್ಕನೆಯ ದಿನ ಅವರೇ, "ಸಂಕ್ರಾಂತಿ ಕಳಿಲಿ, ಕಾಂಬ" ಎಂದರು.

ವನಜಳ ಜಡೆ ಮಂಡಿ ಮುಟ್ಟುತ್ತದೆ. ಎಣ್ಣೆ ಹಚ್ಚುವಾಗ ನನ್ನ ಕೈ ಒಮ್ಮೊಮ್ಮೆ ನಿಲ್ಲುತ್ತದೆ. ಯಾಕೆಂದು ಅವಳು ಕೇಳುವುದಿಲ್ಲ.

ಗೋಮತಿ

*

ಬೊಂಬಾಯಿ
9-1-1946

ಅಮ್ಮನಿಗೆ ನಮಸ್ಕಾರ.

ಕ್ಯಾರೆಟ್ ಎಂಬುದು ಒಂದೇ ಹೆಸರಿನ ಇಬ್ಬರು ಮನುಷ್ಯರ ಹಾಗೆ. ಚಿನ್ನಕ್ಕೆ ಹೇಳುವಾಗ ಅದು ಶುದ್ಧಿ. ಅಪರಂಜಿ ಇಪ್ಪತ್ತನಾಲ್ಕು, ಇಪ್ಪತ್ತೆರಡು ಎಂದರೆ ಎರಡು ಭಾಗ ತಾಮ್ರವೋ ಬೆಳ್ಳಿಯೋ ಸೇರಿದೆ ಎಂದು. ಕಲ್ಲಿಗೆ ಹೇಳುವಾಗ ಅದು ತೂಕ, ನಮ್ಮ ಗುಲಗಂಜಿಯ ಹಾಗೆ. ಕಲ್ಲಿನ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ತೂಗುವಾಗ ಕಲ್ಲು ಬೇರೆ, ಚಿನ್ನ ಬೇರೆ ತೂಗಿಸಿ. ಕಲ್ಲಿನ ಹಿಂದಿನ ಅರಗನ್ನೂ ಚಿನ್ನದ ಲೆಕ್ಕದಲ್ಲಿ ತೂಗುವವರಿದ್ದಾರೆ. ಮಹಾಲಿಂಗಾಚಾರಿ ಜೊತೆಗಿದ್ದರೆ ಅದು ನಡೆಯುವುದಿಲ್ಲ.

ಅಂಗಡಿಯವನು ಜೋರು ಮಾಡಿದರೆ ನೀವು ಜೋರು ಮಾಡಬೇಡಿ. ಸುಮ್ಮನೆ ನೋಡುತ್ತ ಕೂತುಕೊಳ್ಳಿ. ನೋಡುವ ಗಿರಾಕಿಯನ್ನು ಕಂಡರೆ ಅಂಗಡಿಯವರಿಗೆ ಬೈಯುವ ಗಿರಾಕಿಗಿಂತ ಹೆಚ್ಚು ಭಯ.

ಎಣ್ಣೆಯ ವಿಷಯ ಓದಿದೆ. ಅದಕ್ಕೆ ಈಗ ಏನೂ ಬರೆಯಲಾರೆ.

ಪಂಕಜಾಕ್ಷಿ

*

ಬ್ರಹ್ಮಾವರ
12-2-1946

ಪಂಕಜಾ,

ನಿನ್ನೆ ಹೋಗಿ ಬಂದೆವು. ನಾನು, ಅಪ್ಪಯ್ಯ, ವನಜ, ಮಹಾಲಿಂಗಾಚಾರಿ. ಮಾಬುಕಳದಲ್ಲಿ ದೋಣಿ ದಾಟುವವರೆಗೆ ಅಪ್ಪಯ್ಯ ನಮ್ಮೊಟ್ಟಿಗೆ ಬಂದವರಲ್ಲ ಎಂಬಂತೆ ಮುಂದಿನ ತುದಿಯಲ್ಲಿ ಬೆನ್ನು ಹಾಕಿ ಕೂತಿದ್ದರು. ಆಚೆ ದಡದಲ್ಲಿ ಬಸ್ಸು ಹತ್ತಿ ಕುಂದಾಪುರ ಮುಟ್ಟುವಾಗ ಹತ್ತು ಗಂಟೆ.

ಲೀಲಾಧರ ಮರ್ಯಾದೆಯ ಮನುಷ್ಯ. ಚಾಪೆ ಹಾಸಿಸಿದ, ಸೋಡಾ ತರಿಸಿದ. ಕೆಂಪು ಬಟ್ಟೆಯ ಮೇಲೆ ಸರವನ್ನೂ ಬೆಂಡೋಲೆಯನ್ನೂ ಇಟ್ಟ. ಸುಳ್ಳು ಹೇಳಬಾರದು, ಕಣ್ಣು ಕೋರೈಸುವ ಹಾಗಿತ್ತು. ವನಜ ಸರದ ಕಡೆಗೆ ಬಗ್ಗಿದಳು. ಅವಳ ಮುಖ ನೋಡಿ, ಸಾಕು, ಕೊಟ್ಟುಬಿಡೋಣ ಎಂದು ನನಗೂ ಒಂದು ಕ್ಷಣ ಅನಿಸಿತು.

ಆಮೇಲೆ ಭೂತಕನ್ನಡಿ ತೆಗೆದೆ.

ಅಂಗಡಿಯವನು ನಕ್ಕ. "ಹ್ವಾಯ್, ಅಮ್ಮನವ್ರ್ ಬೊಂಬಾಯಿ ಡಾಕ್ಟ್ರ್ ಆಯ್ರಲೆ!" ಎಂದು ಅಪ್ಪಯ್ಯನ ಕಡೆ ನೋಡಿದ. ಅಪ್ಪಯ್ಯ ಸೋಡಾ ಬಾಟಲಿಯನ್ನು ನೋಡುತ್ತಿದ್ದರು. ನಾನು ಸರದ ಗಂಟಿನ ಹತ್ತಿರ ದಾರ ಸರಿಸಿ, ಬಾಗಿಲಿನ ಬೆಳಕಿಗೆ ಹಿಡಿದು ಒಂದು ಮುತ್ತು ನೋಡಿದೆ, ಇನ್ನೊಂದು ನೋಡಿದೆ. ಐದನೆಯದಕ್ಕೆ ಬರುವಾಗ ಅವನ ನಗು ನಿಂತಿತ್ತು. ಎಲ್ಲದರಲ್ಲೂ ನೀನು ಹೇಳಿದ ಗೆರೆ. ಕೆಂಪಿನಲ್ಲಿ ಒಂದಕ್ಕೊಂದು ಅಂಟಿದ ಎರಡು ದುಂಡು ಗುಳ್ಳೆ, ಹೊಳೆಯ ನೀರಿನಲ್ಲಿ ಮೀನು ಬಿಟ್ಟ ಹಾಗೆ.

"ಇದ್ ಬಸ್ರಾ ಅಂತ್ಹೇಳಿ ರಶೀದಿಲ್ ಬರ್ದ್ ಕೊಡಿ" ಎಂದೆ.

"ಬರುದ್ ಎಂತಕಮ್ಮಾ? ನನ್ ಮಾತ್ ಸಾಲ್ದಾ?"

"ಮಾತ್ ಹೌದಾರೆ ಬರುಕೆ ಎಂತ ತೊಂದ್ರಿ?"

ಅವನು ಕೆಂಪು ಬಟ್ಟೆಯ ಮಡಿಕೆ ಸರಿಮಾಡಿದ. ಆಮೇಲೆ ಹೇಳಿದ, "ಕಾಣಿ ಅಮ್ಮಾ, ನಾನ್ ಸುಳ್ಳ್ ಹೇಳ್ಲಿಲ್ಲೆ. ಕಲ್ಚರ್ ಆರೂ ಚಿಪ್ಪಿಲೇ ಹುಟ್ಟದ್. ಬಸ್ರಾ ಅಂದ್ರೆ ಈ ನಮೂನಿ ಸರಕ್ಕೆ ಹೇಳುದ್. ಬರ್ಮಾ ಅಂದ್ರೆ ಬಣ್ಣದ್ ಹೆಸ್ರ್. ಎಲ್ಲ ಅಂಗ್ಡಿಲೂ ಹಾಂಗೇ."

"ಹಾಂಗಾರೆ ಹಾಂಗೇ ಬರೀನಿ. ಮುತ್ತ್ ಕಲ್ಚರ್, ಬಣ್ಣ ಬರ್ಮಾ, ಕಲ್ಲ್ ಕುಲುಮೆದ್. ಬೆಲಿ ಅದ್ರದ್ದೇ ಹೇಳಿ."

ಅವನು ಪೆನ್ನು ಮುಟ್ಟಲಿಲ್ಲ. ಆಚಾರಿ ಒರೆಗಲ್ಲನ್ನು ಜೋಳಿಗೆಯಿಂದ ತೆಗೆದು ಎದುರಿಗಿಟ್ಟ.

ಆಗ ಅಪ್ಪಯ್ಯ ಎದ್ದರು. ಅಂಗಡಿಯವನ ಮೇಲೆ ಸಿಟ್ಟಾಗುತ್ತಾರೆ ಎಂದುಕೊಂಡೆ. ನನ್ನ ಮೇಲೆ ಆದರು. "ಇದೆಲ್ಲ ನಿಂಗ್ ಯಾರ್ ಕಲ್ಸದ್?" ಎಂದು ಕೇಳಿದರು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಬೀದಿಯಲ್ಲಿ ನಮ್ಮ ಸಾಲಿಗ್ರಾಮದ ನೆಂಟರು ಇಬ್ಬರು ನಿಂತಿದ್ದರು. ಆಚಾರಿಯ ಹೆಸರು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಪಂಕಜ ಕಲ್ಸದ್" ಎಂದೆ. "ನಿಮ್ ಹಿರಿ ಮಗಳ್. ವಿಷ್ಣುಮೂರ್ತಿ ಹಂದೆರ್ ಮಗಳ್ ಪಂಕಜಾಕ್ಷಿ."

ಆರು ವರ್ಷದಿಂದ ನಮ್ಮ ಮನೆಯೊಳಗೆ ಯಾರೂ ಎತ್ತದ ಹೆಸರನ್ನು ಪೇಟೆಯ ನಡುವೆ ಹೇಳಿದೆ. ಅವರು ಚಪ್ಪಲಿ ಮೆಟ್ಟಿ ಇಳಿದು ಹೋದರು. ವನಜ ನನ್ನ ಕೈ ಹಿಡಿದುಕೊಂಡಳು. ನನ್ನ ಅವಲಕ್ಕಿ ಸರವನ್ನು ಸೆರಗಿಗೆ ಕಟ್ಟಿಕೊಂಡು ನಾವು ಮೂವರೂ ಮಧ್ಯಾಹ್ನದ ಬಸ್ಸಿಗೆ ಬಂದೆವು. ಅಪ್ಪಯ್ಯ ನಡೆದೇ ಬಂದರೆಂದು ತೋರುತ್ತದೆ, ದೀಪ ಹಚ್ಚುವ ಹೊತ್ತಿಗೆ ಮುಟ್ಟಿದರು.

ಇನ್ನು ಉತ್ತರವನ್ನು ಮನೆಯ ವಿಳಾಸಕ್ಕೇ ಬರೆ.

ನಿನ್ನ ಅಮ್ಮ

*

ಬ್ರಹ್ಮಾವರ
26-2-1946

ಪಂಕಜಾ,

ಬೊಂಬಾಯಿಯಲ್ಲಿ ನೌಕಾಪಡೆಯವರು ದಂಗೆ ಎದ್ದಿದ್ದಾರೆ, ಬೀದಿಬೀದಿಯಲ್ಲಿ ಗುಂಡು ಹಾರಿದೆ ಎಂದು ಪೇಪರಿನಲ್ಲಿ ಬಂದಿದೆ. ನಮ್ಮೂರ ಶಾಲೆಯ ಮಾಸ್ತರರು ಓದಿ ಹೇಳಿದರು. ಬಾಲಚಂದ್ರನ ಪತ್ರವೂ ಇಲ್ಲ, ನಿನ್ನದೂ ಇಲ್ಲ. ಎರಡು ಸಾಲು ಹಾಕು. ಒಂದೇ ಸಾಲು ಸಾಕು.

ಇನ್ನೊಂದು ಮಾತು. ನಿನ್ನ ಗಂಡ ತೀರಿಕೊಂಡು, ನಿನ್ನ ಮಂಡೆ ಬೋಳಿಸಲು ದಿನ ಗೊತ್ತುಮಾಡಿದ ಆ ಬೆಳಿಗ್ಗೆ ಬಚ್ಚಲಲ್ಲಿ ನೀರು ಕಾಯಿಸಿದ್ದು ನಾನೇ. ಹಿರಿಯರು ಹೇಳಿದರು, ಕಾಯಿಸಿದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಇದನ್ನು ಬರೆಯದೆ ನಿನಗೇನಾದರೂ ಆಗಿಬಿಟ್ಟರೆ ಎಂದು ಬರೆದೆ.

ಅಮ್ಮ

*

ಬೊಂಬಾಯಿ
4-3-1946

ಅಮ್ಮಾ,

ಕ್ಷೇಮವಾಗಿದ್ದೇನೆ. ನಾಲ್ಕು ದಿನ ಪೋಣಿಸುವ ಕೋಣೆಯಲ್ಲೇ ಹನ್ನೊಂದು ಜನ ಹೆಂಗಸರು ಬಾಗಿಲು ಹಾಕಿಕೊಂಡು ಇದ್ದೆವು. ಹೊರಗೆ ಸದ್ದು ಕೇಳುತ್ತಿತ್ತು. ಕೈ ಸುಮ್ಮನಿದ್ದರೆ ಭಯವಾಗುತ್ತದೆಂದು ಬಿಚ್ಚಿದ ಸರಗಳನ್ನೆಲ್ಲ ಪೋಣಿಸಿ ಮುಗಿಸಿದೆವು. ಬಾಲಚಂದ್ರ ಮಾವನೂ ಚೆನ್ನಾಗಿದ್ದಾನೆ. ಅಂಚೆ ಈಗ ಸರಿಯಾಯಿತು. ನಿನ್ನ ಎರಡು ಪತ್ರಗಳೂ ಒಂದೇ ದಿನ ಬಂದವು.

ಎರಡನೆಯದನ್ನು ಮೊದಲು ಒಡೆದೆ.

ನೀರು ಕಾಯಿಸಿದ್ದು ನೀನೆಂದು ನನಗೆ ಆಗಲೇ ಗೊತ್ತಿತ್ತು ಅಮ್ಮಾ. ಹೊತ್ತಲ್ಲದ ಹೊತ್ತಿನಲ್ಲಿ ಬಚ್ಚಲಿನಿಂದ ಹೊಗೆ ಎದ್ದದ್ದು ಕಂಡೇ ನಾನು ಗದ್ದೆಯ ಅಂಚಿನಿಂದ ಆಗ ಊರಲ್ಲಿದ್ದ ಬಾಲಚಂದ್ರ ಮಾವನ ಮನೆಗೆ ಓಡಿ, ಅವನ ಜೊತೆ ಬೊಂಬಾಯಿಗೆ ಬಂದದ್ದು. ಅಷ್ಟೊಂದು ಹೊಗೆ! ಅಮ್ಮ ಬೇಕೆಂದೇ ಹಸಿ ಸೌದೆ ಹಾಕಿದಳೋ ಏನೋ, ನನಗೆ ಕಾಣಲಿ ಎಂದು ಹಾಕಿದಳೋ ಏನೋ ಎಂದು ಇಲ್ಲಿ ಎಷ್ಟೋ ವರ್ಷ ಯೋಚಿಸಿದ್ದೇನೆ. ಕೇಳುವ ಧೈರ್ಯವಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಮೊದಲನೆಯ ಪತ್ರವನ್ನು ಕೋಣೆಯವರಿಗೆಲ್ಲ ಮರಾಠಿಯಲ್ಲಿ ಹೇಳಿದೆ. ಆಚಾರಿ ಒರೆಗಲ್ಲು ತೆಗೆದಿಟ್ಟ ಜಾಗದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ಮುಂದಿನದನ್ನು ನಾನು ಹೇಳಲಿಲ್ಲ. ನನಗೇ ಇಟ್ಟುಕೊಂಡೆ.

ಇನ್ನು ವನಜಳ ಒಡವೆ. ಕಲ್ಚರ್ ಮುತ್ತು ಕೆಟ್ಟದ್ದಲ್ಲ, ಕುಲುಮೆಯ ಕೆಂಪೂ ಕೆಟ್ಟದ್ದಲ್ಲ. ಕಲ್ಚರ್ ಎಂದು ಹೇಳಿ ಕಲ್ಚರ್ ಬೆಲೆಗೆ ಕೊಟ್ಟರೆ ಧಾರಾಳವಾಗಿ ತೆಗೆದುಕೊಳ್ಳಬಹುದು. ಆದರೆ ಉಪ್ಪುಂದದವರು ಕೇಳಿದ್ದು ಬಸ್ರಾ. ನಾಳೆ ಅವರ ಊರಿನ ಯಾರೋ ಗೆರೆ ಕಂಡುಹಿಡಿದರೆ ಅಂಗಡಿಯವನನ್ನು ಯಾರೂ ಕೇಳುವುದಿಲ್ಲ. ವನಜ ಸುಳ್ಳು ಸರ ಕಟ್ಟಿಕೊಂಡು ಬಂದಳು ಎನ್ನುತ್ತಾರೆ. ಮದುವೆಗೆ ಮೊದಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು. ನಮ್ಮ ಶಕ್ತಿಗೆ ಸಣ್ಣ ಬಸ್ರಾ ಬಿಡಿ ಮುತ್ತುಗಳು ಸಿಗುತ್ತವೆ, ಸ್ವಲ್ಪ ಸೊಟ್ಟಪಟ್ಟ ಇರುತ್ತವೆ. ಕೊಳ್ಳುವುದಾದರೆ ಬಿಡಿಯಾಗಿಯೇ ಕೊಳ್ಳಿ, ಒಂದೊಂದರ ತೂತನ್ನೂ ನೋಡಬಹುದು.

ಪಂಕಜ

*

ಬ್ರಹ್ಮಾವರ
29-3-1946

ಪಂಕಜಾ,

ಮೊದಲು ನಿನ್ನ ಪ್ರಶ್ನೆ. ಹೌದು, ಬೇಕೆಂದೇ ಹಸಿ ಸೌದೆ ಹಾಕಿದೆ ಎಂದು ಬರೆಯಲು ಆಸೆಯಾಗುತ್ತದೆ. ನಾಲ್ಕು ದಿನ ಆ ಆಸೆಯನ್ನು ಇಟ್ಟುಕೊಂಡೇ ತಿರುಗಿದೆ. ಆದರೆ ಅದು ಸುಳ್ಳು. ಒಣ ಸೌದೆ ಮುಗಿದಿತ್ತು, ಕೈಗೆ ಸಿಕ್ಕಿದ್ದನ್ನು ಹಾಕಿದೆ. ನೀನು ಓಡುತ್ತಿದ್ದದ್ದನ್ನು ಕಿಟಕಿಯಿಂದ ಕಂಡೆ. ಕೂಗಲಿಲ್ಲ. ನನ್ನ ಲೆಕ್ಕಕ್ಕೆ ಇರುವುದು ಅಷ್ಟೇ, ಕೂಗಲಿಲ್ಲ ಎನ್ನುವುದು.

ಉಪ್ಪುಂದಕ್ಕೆ ಹೋಗಿದ್ದೆ. ಆಚಾರಿಯೂ ಬಂದಿದ್ದ. ಕುಂದಾಪುರದಿಂದಾಚೆ ಎಷ್ಟು ಹೊಳೆ, ಎಷ್ಟು ದೋಣಿ! ಜಲಜಮ್ಮ ಜಗಲಿಯಲ್ಲಿ ಕೂರಿಸಿ ಪಾನಕ ಕೊಟ್ಟರು. ನಾನು ಸುತ್ತಿ ಬಳಸದೆ ಹೇಳಿದೆ: ನೀವು ಕೇಳಿದಂಥ ದಪ್ಪ ಬಸ್ರಾ ಸರ ಕೊಡಲು ನಮ್ಮಿಂದಾಗದು, ಅಂಗಡಿಯಲ್ಲಿ ಆ ಹೆಸರಿನಲ್ಲಿ ತೋರಿಸಿದ್ದು ಕಲ್ಚರ್. ಸಣ್ಣದಾದರೂ ನಿಜವಾದದ್ದು ಕೊಡುತ್ತೇವೆ. ಕೆಂಪೂ ಹಾಗೆಯೇ, ಸಣ್ಣದು, ಬಿರುಕಿನದು, ಗಣಿಯದು.

ಅವರಿಗೆ ಸಿಟ್ಟು ಬಂತು. ಒಳಗೆ ಹೋಗಿ ತಮ್ಮ ಕೊರಳ ಸರವನ್ನೇ ಬಿಚ್ಚಿ ತಂದರು. "ಇದ್ ಕಾಣಿ. ನನ್ ಮದಿಗ್ ಅಪ್ಪಯ್ಯ ಕೊಡ್ಸದ್. ಬಸ್ರಾ ಅಂದ್ರೆ ಹೀಂಗಿರ್ಕ್" ಎಂದು ನನ್ನ ಮಡಿಲಿಗೆ ಹಾಕಿದರು.

ನೋಡಬಾರದಿತ್ತು. ಆದರೆ ಕೈ ಸುಮ್ಮನಿರಲಿಲ್ಲ. ಒಂದನ್ನು ಹಲ್ಲಿಗೆ ಉಜ್ಜಿದೆ. ಜಾರಿತು. ಇನ್ನೊಂದೂ ಜಾರಿತು. ಸರವನ್ನು ವಾಪಸ್ಸು ಕೊಟ್ಟೆ.

"ಎಂತ? ಹೇಳಿ" ಎಂದರು.

ಆಚಾರಿಯನ್ನು ತೋಟದ ಕಡೆಗೆ ಕಳಿಸಿದೆ. ಹತ್ತಿರ ಕೂತು ಮೆಲ್ಲಗೆ ಹೇಳಿದೆ. ನನ್ನ ಮೂಗುಬೊಟ್ಟಿನ ಕಥೆಯನ್ನೂ ಹೇಳಿದೆ. ಅವರು ಸರವನ್ನು ಹಲ್ಲಿಗೆ ತಾವೇ ಉಜ್ಜಿ ನೋಡಿದರು. "ಇಪ್ಪತ್ತೆಂಟ್ ವರ್ಷ," ಎಂದರು. "ನಮ್ಮತ್ತಿ ಈ ಸರ ಕಂಡೇ ನಂಗ್ ಮರ್ಯಾದಿ ಕೊಟ್ಟದ್." ಆಮೇಲೆ ಮತ್ತೆ ಕೊರಳಿಗೆ ಕಟ್ಟಿಕೊಂಡು, "ನಿಮ್ಗ್ ಇದೆಲ್ಲ ಯಾರ್ ಹೇಳ್ಕೊಟ್ಟದ್?" ಎಂದು ಕೇಳಿದರು.

ಹೇಳಿದೆ. ಮದುವೆ ಮುರಿದರೂ ಮುರಿಯಲಿ ಎಂದೇ ಹೇಳಿದೆ. ನನಗೆ ಇನ್ನೊಬ್ಬಳು ಮಗಳಿದ್ದಾಳೆ, ಗಂಡ ತೀರಿಕೊಂಡವಳು, ಬೊಂಬಾಯಿಯಲ್ಲಿ ದುಡಿಯುತ್ತಾಳೆ ಎಂದೆ.

"ತಲಿಕೂದ್ಲ್?" ಎಂದರು.

"ಇತ್ತ್, ಬೋಳ್ಸ್ಲಿಲ್ಲೆ. ಮದಿಗ್ ಹಾಂಗೇ ಬತ್ತಳ್. ಚಪ್ಪರದಡಿಗೇ ನಿಲ್ತಳ್."

ಅವರು ಪಾನಕದ ಲೋಟ ಎತ್ತಿಕೊಂಡು ಒಳಗೆ ಹೋದರು. ಹೊರಡುವಾಗ ಬಾಗಿಲವರೆಗೆ ಬಂದು, "ಸಣ್ಣದೇ ಸಾಕ್. ಆದ್ರೆ ನಿಜ್ವಾದ್ದೇ ಇರ್ಲಿ" ಎಂದರು. ಮುತ್ತಿನ ವಿಷಯಕ್ಕೆ ಹೇಳಿದರೆಂದು ತಿಳಿದುಕೊಂಡು ಬಂದೆ. ಎಂಟು ದಿನ ಕಾದೆ. ಮೊನ್ನೆ ಹುಡುಗನೇ ನಮ್ಮ ಮನೆಗೆ ಬಂದು ಲಗ್ನದ ದಿನ ಹೇಳಿ ಹೋದ. ಮೇ ಹನ್ನೆರಡು. ಬೇರೆ ಯಾವ ಮಾತೂ ಎತ್ತಲಿಲ್ಲ.

ಅಪ್ಪಯ್ಯನಿಗೆ ಎಲ್ಲವನ್ನೂ ಹೇಳಿದ್ದೇನೆ. ಪಂಕಜ ಬಾರದಿದ್ದರೆ ಧಾರೆಗೆ ನೀರು ಬಿಡಲು ನಾನೂ ನಿಲ್ಲುವುದಿಲ್ಲ ಎಂದಿದ್ದೇನೆ. ಅವರು ಲೀಲಾಧರನ ಅಂಗಡಿಗೆ ಮತ್ತೆ ಹೋಗಿದ್ದರು, ಒಬ್ಬರೇ. ಭೂತಕನ್ನಡಿ ತೆಗೆದುಕೊಂಡು ಹೋಗಿದ್ದರು. ಏನಾಯಿತೆಂದು ಹೇಳಲಿಲ್ಲ.

ಅಮ್ಮ

*

ಬ್ರಹ್ಮಾವರ
14-4-1946

ಪಂಕಜಾಕ್ಷಿಗೆ,

ನಿನ್ನ ತಾಯಿ ಬರೆದ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಲೀಲಾಧರನ ಅಂಗಡಿಯಲ್ಲಿ ಬಿಡಿ ಮುತ್ತುಗಳನ್ನು ತೆಗೆದುಕೊಂಡಿದ್ದೇನೆ. ಅವನು ಮಂಗಳೂರಿನಿಂದ ತರಿಸಿದ. ಒಂದೊಂದನ್ನೂ ನೋಡಿದೆ. ಒಂಬತ್ತನ್ನು ಬೇಡವೆಂದು ಹಿಂದೆ ಕೊಟ್ಟೆ. ಉಳಿದವುಗಳಿಗೆ ‘ಬಸ್ರಾ ಮುತ್ತು, ಬಿಡಿ’ ಎಂದು ರಶೀದಿಯಲ್ಲಿ ಬರೆಸಿದ್ದೇನೆ. ಕೆಂಪಿಗೆ ‘ಗಣಿಯ ಮಾಣಿಕ, ಸಣ್ಣದು, ಬಿರುಕುಂಟು’ ಎಂದು ಬರೆಸಿದ್ದೇನೆ. ಬೆಂಡೋಲೆಯನ್ನು ಮಹಾಲಿಂಗಾಚಾರಿ ಹಿಂಬದಿ ತೆರೆದು ಕಟ್ಟುತ್ತಿದ್ದಾನೆ.

ಮುತ್ತುಗಳ ಆಕಾರ ಒಂದರಂತೆ ಒಂದಿಲ್ಲ. ಯಾವುದರ ಪಕ್ಕ ಯಾವುದು ಬರಬೇಕೆಂದು ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಆಚಾರಿ ಪೋಣಿಸಿ ನೋಡಿದ, ಸರಿ ಬರಲಿಲ್ಲ. ನಿನ್ನ ತಾಯಿ ಪೋಣಿಸಿದಳು, ಅದೂ ಸರಿ ಬರಲಿಲ್ಲ. ನಾನೂ ನೋಡಿದೆ.

ಕಳಿಸಿಕೊಟ್ಟರೆ ದಾರಿಯಲ್ಲಿ ಕಳೆದೀತು. ಆದ್ದರಿಂದ ಮದುವೆಗೆ ಒಂದು ವಾರ ಮೊದಲೇ ಇಲ್ಲಿಗೆ ಬಂದು ಪೋಣಿಸಿಕೊಡಬೇಕು.

ಊರಿನವರು ಮಾತಾಡಿಯಾರು. ಆಡಲಿ.

ವಿಷ್ಣುಮೂರ್ತಿ ಹಂದೆ

*

ಬೊಂಬಾಯಿ
23-4-1946

ಅಪ್ಪಯ್ಯನಿಗೆ ನಮಸ್ಕಾರ.

ಪತ್ರ ತಲುಪಿತು. ಬರುತ್ತೇನೆ. ಆದರೆ ಬರುವ ಮೊದಲು ಮೂರು ಮಾತು ಬರೆಯಬೇಕು. ಆಮೇಲೆ ಜಗಲಿಯಲ್ಲಿ ನಿಂತು ಹೇಳುವ ಹಾಗಾಗಬಾರದು.

ನಾನು ಎದುರಿನ ಬಾಗಿಲಿನಿಂದ ಒಳಗೆ ಬರುತ್ತೇನೆ. ಬಣ್ಣದ ಸೀರೆ ಉಟ್ಟೇ ಬರುತ್ತೇನೆ, ಇಲ್ಲಿ ದಿನವೂ ಉಡುವುದು ಅದನ್ನೇ. ಧಾರೆಯ ಹೊತ್ತಿಗೆ ಒಳಕೋಣೆಯಲ್ಲಿ ಕೂತಿರು ಎಂದು ನೆಂಟರು ಯಾರಾದರೂ ಹೇಳಿದರೆ, ಇಲ್ಲ ಎಂದು ಉತ್ತರ ಕೊಡುವವಳು ನಾನಲ್ಲ. ನೀವು ಕೊಡಬೇಕು. ಅದು ಆಗದು ಎಂದಾದರೆ ತಂತಿ ಕಳಿಸಿ, ಮುತ್ತುಗಳನ್ನು ಬಾಲಚಂದ್ರ ಮಾವನಿಂದ ತರಿಸಿಕೊಂಡು ಇಲ್ಲಿಂದಲೇ ಪೋಣಿಸಿ ಕಳಿಸುತ್ತೇನೆ. ಅದರಲ್ಲಿ ನನಗೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ.

ಮದುವೆಯಾದ ನಾಲ್ಕನೆಯ ದಿನ ಹಿಂದೆ ಹೊರಡುತ್ತೇನೆ. ಇಲ್ಲಿ ನನಗೆ ಕೆಲಸವಿದೆ. ಈ ತಿಂಗಳಿನಿಂದ ಹೊಸ ಹುಡುಗಿಯರಿಗೆ ಕಲಿಸುವುದೂ ನನ್ನದೇ.

ಸೊಟ್ಟ ಮುತ್ತುಗಳನ್ನು ಗಾತ್ರ ನೋಡಿ ಪೋಣಿಸಲು ಹೋದರೆ ಸರಿ ಬರುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಹರಡಿ, ಬಣ್ಣ ನೋಡಿ ಮೊದಲು ಗುಂಪು ಮಾಡಬೇಕು. ನಾನು ಬರುವುದರೊಳಗೆ ಅಷ್ಟು ಮಾಡಿಟ್ಟಿರಿ. ಬೆಳಗಿನ ಬೆಳಕಿನಲ್ಲಿ, ಜಗಲಿಯಲ್ಲಿ ಕೂತು. ನಿಮ್ಮ ಕಣ್ಣು ಚೆನ್ನಾಗಿದೆ. ಒಂಬತ್ತನ್ನು ಹಿಂದೆ ಕೊಟ್ಟಿರೆಂದು ಓದಿ ನಮ್ಮ ಮುದುಕರೂ ಮೆಚ್ಚಿದರು.

ಹಡಗು ಮೇ ನಾಲ್ಕರ ಶನಿವಾರ ಬೆಳಿಗ್ಗೆ ಮಲ್ಪೆಗೆ ಬರುತ್ತದೆ. ದೋಣಿಯಿಂದ ಇಳಿಯುವಾಗ ಮನೆಯವರು ಯಾರಾದರೂ ದಂಡೆಯಲ್ಲಿದ್ದರೆ ಸಂತೋಷ. ಇಲ್ಲದಿದ್ದರೂ ಚಿಂತೆಯಿಲ್ಲ. ದಾರಿ ನನಗೆ ಗೊತ್ತಿದೆ.

ನಿಮ್ಮ ಮಗಳು,
ಪಂಕಜಾಕ್ಷಿ